ತಣ್ಣಗಾಗುವ ಎರಡು ಬೆರಳು

ಬೆಳಕು ಇನ್ನೂ ಓಣಿಗೆ ಇಳಿದಿಲ್ಲ. ಆದರೆ ಆ ಮನೆಯ ಮುಂದಿನ ಕೋಣೆಯ ಗಾಳಿ ಆಗಲೇ ಮಿನುಗುತ್ತಿದೆ. ಬಲ್ಬಿನ ಸುತ್ತ ಅಲ್ಯೂಮಿನಿಯಂ ಪುಡಿ ಏರದೆ ಇಳಿಯದೆ ತೇಲುತ್ತಿದೆ. ಗೋಡೆ, ನೀರಿನ ಕೊಡದ ಮುಚ್ಚಳ, ಮೂಲೆಯ ಜೇಡರ ಬಲೆ ಎಲ್ಲದರ ಮೇಲೂ ಅದೇ ತಣ್ಣನೆಯ ಹೊಳಪು. ಕೂದಲಿಗೆ ಬಟ್ಟೆ ಬಿಗಿದು, ತೋಳು ಮಡಚಿ, ಒಬ್ಬ ಹೆಂಗಸು ಮರ ಕೊಯ್ಯುವ ಕಟಿಂಗ್ ಮಷೀನಿನ ಮುಂದೆ ನಿಂತಿದ್ದಾರೆ. ಓಣಿ ಅವರನ್ನು ಕರೆಯುವುದು ಬೆಳ್ಳಿಯಕ್ಕ ಎಂದು. ಎಷ್ಟು ತೊಳೆದರೂ ಆ ಪುಡಿ ಅವರ ಹುಬ್ಬು ಬಿಟ್ಟು ಹೋಗುವುದಿಲ್ಲ.

ಪ್ಲಗ್ ಕಿತ್ತು, ನಿಂತ ಬ್ಲೇಡಿನ ಹಲ್ಲುಗಳಿಗೆ ಮೇಣದಬತ್ತಿ ಉಜ್ಜುತ್ತಾರೆ. ಇದು ಮರಕ್ಕೆಂದು ಮಾಡಿದ ಯಂತ್ರ, ಲೋಹಕ್ಕೆ ಇದರ ವೇಗ ಹೆಚ್ಚು. ಮೇಣವಿಲ್ಲದಿದ್ದರೆ ಮೆತ್ತನೆಯ ಅಲ್ಯೂಮಿನಿಯಂ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಬ್ಲೇಡು ಕಚ್ಚುತ್ತದೆ. ಕಿಟಕಿ ಚೌಕಟ್ಟಿನ ಪಟ್ಟಿಯನ್ನು ಮರದ ತುಂಡುಗಳ ನಡುವೆ ಕ್ಲಾಂಪಿನಲ್ಲಿ ಬಿಗಿದು, ಪ್ಲಗ್ ಸಿಕ್ಕಿಸಿ, ಹಿಡಿಯನ್ನು ಮೆಲ್ಲಗೆ ಇಳಿಸುತ್ತಾರೆ. ಮನೆಯಿಡೀ ಚೀರುತ್ತದೆ.

"ತಡಿ!"

ಒಳಕೋಣೆಯಿಂದ ಗಂಡಸಿನ ದನಿ. ಬೆಳ್ಳಿಯಕ್ಕ ಸ್ವಿಚ್ಚು ಬಿಡುತ್ತಾರೆ. ಬ್ಲೇಡನ್ನು ಮೇಲೆತ್ತುವುದಿಲ್ಲ, ಅದು ಪೂರ್ತಿ ನಿಲ್ಲುವ ತನಕ ಹಾಗೇ ಹಿಡಿದಿರುತ್ತಾರೆ. ನೋಡಿದರೆ ಕ್ಲಾಂಪು ಕೂದಲೆಳೆಯಷ್ಟು ಸಡಿಲ. ಒಳಕೋಣೆಯ ಬಾಗಿಲು ಮುಚ್ಚಿದೆ. ಅಲ್ಲಿಂದ ಈ ಮಷೀನು ಕಾಣುವುದೇ ಇಲ್ಲ.

ಅಲ್ಲಿ ಕುಳಿತಿರುವವರು ಅವರ ಗಂಡ. ಈ ಮಷೀನು ಮೊದಲು ಅವರದಾಗಿತ್ತು. ಅವರ ಎಡಗೈಯಲ್ಲಿ ಈಗ ಎರಡು ಬೆರಳಿಲ್ಲ. "ಇಲ್ಲದಿರೋ ಬೆರಳು ತಣ್ಣಗಾಗುತ್ತೆ," ಎನ್ನುತ್ತಾರೆ ಕೇಳಿದವರಿಗೆಲ್ಲ, ಆ ಖಾಲಿ ಜಾಗವನ್ನು ಬಲಗೈಯಿಂದ ಸವರುತ್ತ. "ಬ್ಲೇಡು ಕಚ್ಚೋಕೆ ಮುಂಚೆ, ನೀರಲ್ಲಿ ಅದ್ದಿದ ಹಾಗೆ. ಡಾಕ್ಟರು ನಗ್ತಾರೆ. ನಿಮ್ಮ ಕಿವಿ ಚುರುಕು, ಮಷೀನಿನ ಸದ್ದು ಬದಲಾಗೋದು ಕೇಳಿಸುತ್ತೆ, ಅಷ್ಟೇ ಅಂತಾರೆ."

"ಕಿವಿಯಂತೆ ಕಿವಿ!" ಬೆಳ್ಳಿಯಕ್ಕನ ತಿರುಗೇಟು. "ನೀರು ಹಿಡೀರಿ ಅಂತ ಗಂಟಲು ಹರ್ಕೊಂಡ್ರೂ ಇವರಿಗೆ ಕೇಳಿಸಲ್ಲ."

ಇವರು ಕತ್ತರಿಸಿದ ಪಟ್ಟಿಗಳು ದೊಡ್ಡ ರಸ್ತೆಯ ಕಿಟಕಿ ಅಂಗಡಿಗೆ ಹೋಗುತ್ತವೆ. ಲೋಹ ಕತ್ತರಿಸಲೆಂದೇ ಮಾಡಿದ ಯಂತ್ರ ಆ ಅಂಗಡಿಯಲ್ಲಿದೆ, ಹೊದಿಕೆ ಹೊದ್ದು, ಗಿರಾಕಿಗಳು ನೋಡಲಿ ಎಂದು. ಕೆಲಸ ಮಾತ್ರ ಓಣಿಯ ಮನೆಮನೆಗೆ. ಯಾಕೆಂದು ಕೇಳಬೇಕೆ? ಅಂಗಡಿಯಲ್ಲಿ ಬೆರಳು ಹೋದರೆ ಅಪಘಾತ. ಯಾರಾದರೂ ಉತ್ತರ ಹೇಳಬೇಕಾಗುತ್ತದೆ. ಮನೆಯಲ್ಲಿ ಹೋದರೆ ಅದು ಮನೆಗೆಲಸ!

ಹೋದ ವಾರ ಅಂಗಡಿಯ ಮಾಲೀಕರು ಬಂದು ಎಲ್ಲರಿಗೂ ದಪ್ಪ ನೂಲಿನ ಕೈಗವಸು ಹಂಚಿದರು, ಫೋಟೋ ತೆಗೆಸಿಕೊಂಡರು. ಬರಿಗೈ ಕಂಡರೆ ಪಟ್ಟಿ ಕೊಡುವುದಿಲ್ಲ ಎಂದು ಹೇಳಿ ಹೋದರು. ಕಾಳಜಿ ಎಂದರೆ ಇದೇ ಇರಬೇಕು.

"ನಾನೂ ಅಂಥದ್ದನ್ನೇ ಹಾಕ್ಕೊಂಡಿದ್ದೆ," ಎನ್ನುತ್ತಾರೆ ಗಂಡ. "ಬರಿಗೈ ತಾಗಿದ್ರೆ ಬೆಚ್ಚಿ ಹಿಂದಕ್ಕೆ ಎಳ್ಕೊಂಡಿರ್ತಿದ್ದೆ. ಗವಸಿನ ದಾರ ಹಲ್ಲಿಗೆ ಸಿಕ್ತು ನೋಡಿ, ಕೈಯನ್ನೇ ಸುತ್ಕೊಂಡು ಹೋಯ್ತು."

ಬೆಳ್ಳಿಯಕ್ಕನ ಕೈ ಬರಿದೇ. ಪಟ್ಟಿ ಒಯ್ಯಲು ಅಂಗಡಿಯ ವ್ಯಾನು ಬಂದಾಗ ಮಾತ್ರ ಗವಸು ತೊಡುತ್ತಾರೆ. ಅವರ ಭಯವೆಲ್ಲ ಗೋಡೆಯಾಚೆಗೆ. ಪಕ್ಕದ ಮನೆಯಲ್ಲಿ ನಾದಿನಿ ಈ ವಾರವಷ್ಟೇ ಮಷೀನು ಹಿಡಿದಿದ್ದಾಳೆ, ಗವಸು ತೊಟ್ಟೇ. "ಹೇಳಿ ಹೇಳಿ ನಾಲಿಗೆ ಸವೀತು. ಅಣ್ಣನ ಥರ ನಾನು ತೂಕಡಿಸ್ಕೊಂಡು ಕೆಲ್ಸ ಮಾಡಲ್ಲ ಅತ್ತಿಗೆ ಅಂತಾಳೆ. ಬಾಯಿ ಜೋರು. ಪಟ್ಟಿ ನಿಂತುಹೋದ್ರೆ ಅನ್ನೋ ಅಂಜಿಕೆ ಒಳಗೆ."

ಬೆಳಕು ಬಂದಿದೆ. ಬೆಳ್ಳಿಯಕ್ಕ ಮಷೀನು ನಿಲ್ಲಿಸಿ, ಪ್ಲಗ್ ಕಿತ್ತು, ಒಳಕೋಣೆಗೆ ಚಹಾ ತಂದು ಕೂರುತ್ತಾರೆ. ಊರಿಗೆಲ್ಲ ಕಿಟಕಿ ಕತ್ತರಿಸುವವರ ಈ ಕೋಣೆಗೆ ಕಿಟಕಿಯೇ ಇಲ್ಲ. "ಇಲ್ಲೊಂದು ಇಡಿಸ್ಬೇಕು. ಇವರು ಹೊರಗೆ ನೋಡ್ಕೊಂಡು ಕೂತ್ಕೋಬಹುದು. ಬೇರೇನು ಆಸೆ..."

"ತಡಿ," ಎನ್ನುತ್ತಾರೆ ಗಂಡ.

ಮಷೀನು ನಿಂತಿದೆ. ಪ್ಲಗ್ ನೆಲದ ಮೇಲಿದೆ. ಅವರು ಎಡಗೈಯನ್ನು ಎದೆಗೊತ್ತಿಕೊಂಡಿದ್ದಾರೆ, ತುಟಿ ಬಿಳಿಚಿದೆ.

"ನಮ್ದಲ್ಲ ಕಣೇ. ಆ ಕಡೆದು!"

ಆಗ ಕೇಳಿಸುತ್ತದೆ: ಗೋಡೆಯಾಚೆ, ತೆಳ್ಳಗೆ, ಇನ್ನೊಂದು ಬ್ಲೇಡು.

ಚಹಾದ ಲೋಟ ಉರುಳುತ್ತದೆ. ಬೆಳ್ಳಿಯಕ್ಕ ಓಡುತ್ತಾರೆ. ನಾದಿನಿಯ ಮನೆಯ ಬಾಗಿಲು ತೆರೆದೇ ಇದೆ. ಕೂಗಿದರೆ ಆ ಸದ್ದಿನಲ್ಲಿ ಯಾರಿಗೆ ಕೇಳೀತು? ಅವರು ಕೂಗುವುದಿಲ್ಲ, ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಅಂಗೈಯಿಂದ ಬಡಿದು ಕೆಳಗಿಳಿಸುತ್ತಾರೆ. ಬಲ್ಬು ಆರುತ್ತದೆ. ಬ್ಲೇಡು ಗೊಣಗುತ್ತ, ಗೊಣಗುತ್ತ ನಿಲ್ಲುತ್ತದೆ.

"ಅತ್ತಿಗೆ, ಕರೆಂಟ್ ಹೋಯ್ತಾ?" ಎಂದು ತಿರುಗಿದವಳು ತನ್ನ ಕೈ ನೋಡಿಕೊಳ್ಳುತ್ತಾಳೆ. ಗವಸಿನ ತೋರುಬೆರಳ ತುದಿ ಬಿಚ್ಚಿಕೊಂಡಿದೆ. ಅಲ್ಲಿಂದ ಹೊರಟ ನೂಲು ಬಿಗಿಯಾಗಿ ಬ್ಲೇಡಿನ ಹಲ್ಲಿಗೆ ಸುತ್ತಿದೆ. ಆ ಸೀಳಿನಲ್ಲಿ ಅವಳ ಉಗುರು ಕಾಣುತ್ತಿದೆ, ಒಂದು ಗೀರೂ ಬೀಳದೆ. ಬೆಳ್ಳಿಯಕ್ಕ ಗವಸು ಕಳಚಿ, ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕೈ ಹಿಡಿದುಕೊಂಡೇ ತಮ್ಮ ಮನೆಗೆ ಕರೆತರುತ್ತಾರೆ.

ಅವರು ಹೊಸಿಲು ದಾಟುವ ಮೊದಲೇ ಒಳಕೋಣೆಯಿಂದ ದನಿ ಬರುತ್ತದೆ: "ಬೆಚ್ಚಗಾಯ್ತು."

ಓಣಿಯ ತುದಿಯಲ್ಲಿ ವ್ಯಾನಿನ ಹಾರನ್ನು. ಕತ್ತರಿಸಿದ ಪಟ್ಟಿಗಳನ್ನು ಹೊತ್ತು ಇಬ್ಬರೂ ಹೊರಬರುತ್ತಾರೆ. ಡ್ರೈವರ್ ಪಕ್ಕದಲ್ಲಿ ಕುಳಿತ ಮಾಲೀಕರು ಗಾಜು ಇಳಿಸುತ್ತಾರೆ.

"ಗವಸು ಎಲ್ಲಮ್ಮಾ? ಹೇಳಿರ್ಲಿಲ್ವಾ?"

ಬೆಳ್ಳಿಯಕ್ಕ ಪಟ್ಟಿಗಳನ್ನು ವ್ಯಾನಿಗೊರಗಿಸಿ ಬರಿಗೈ ಎರಡನ್ನೂ ಎತ್ತಿ ತೋರಿಸುತ್ತಾರೆ. ಪಕ್ಕದಲ್ಲಿ ನಾದಿನಿಯೂ ಎತ್ತುತ್ತಾಳೆ. ಬೆಳಗಿನ ಬೆಳಕಿಗೆ ನಾಲ್ಕೂ ಕೈ ಬೆಳ್ಳಗೆ ಹೊಳೆಯುತ್ತವೆ.

"ಗವಸು ಹಾಕ್ಕೊಂಡಿದ್ದವರು ಒಳಗೆ ಕೂತಿದಾರೆ ಸರ್," ಎನ್ನುತ್ತಾರೆ ಬೆಳ್ಳಿಯಕ್ಕ. "ಇಳಿದು ಬನ್ನಿ. ಒಂದ್ಸಲ ಅವರ ಕೈ ಕುಲುಕಿ ಹೋಗಿ."