ಕೊನೆಗೆ ಕಟ್ಟಬೇಕಾಗಿದ್ದ ಗೋಡೆಗಳು

೨೦೦೩ರಲ್ಲಿ ನಾನು ಪುಣೆಯ ಒಂದು ವಿಶ್ವವಿದ್ಯಾಲಯದ ಕಟ್ಟಡ ವಿಭಾಗದಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರ್ ಆಗಿದ್ದೆ. ಹುಟ್ಟೂರು ಧಾರವಾಡ, ಮನೆ ಪುಣೆಯ ಕೋಥರೂಡ ಬಡಾವಣೆಯಲ್ಲಿ. ಅಷ್ಟರೊಳಗೆ ಹಾಸ್ಟೆಲ್, ಗ್ರಂಥಾಲಯ, ಪರೀಕ್ಷಾ ಭವನ ಎಂದು ಸಾಕಷ್ಟು ಕಟ್ಟಡ ಎಬ್ಬಿಸಿದ್ದೆ. ನಕ್ಷೆಯಲ್ಲಿದ್ದದ್ದನ್ನು ನೆಲದ ಮೇಲೆ ತಂದು, ಬೀಗದ ಕೈ ಒಪ್ಪಿಸಿ ಮನೆಗೆ ಹೋಗುವುದು ನನ್ನ ಪದ್ಧತಿ. ನಕ್ಷೆಯಲ್ಲಿದ್ದ ಗೋಡೆಯನ್ನು ಈಗಲೇ ಕಟ್ಟಬೇಡಿ ಎಂದು ಹೇಳುವವರು ಅಲ್ಲಿಯವರೆಗೆ ಯಾರೂ ಸಿಕ್ಕಿರಲಿಲ್ಲ.

ಆ ವರ್ಷ ಮುಗಿಯಲು ಬಂದಿದ್ದದ್ದು ಬಯೋಮೆಡಿಕಲ್ ಸಂಶೋಧನೆಯ ಹೊಸ ಕಟ್ಟಡ. ರೋಗಿಗಳನ್ನು ನೋಡುವ ಡಾಕ್ಟರುಗಳು, ಜೀವಕೋಶ ಬೆಳೆಸುವ ಜೀವಶಾಸ್ತ್ರದವರು, ಉಪಕರಣ ತಯಾರಿಸುವ ಇಂಜಿನಿಯರುಗಳು ಒಂದೇ ಸೂರಿನಡಿ ಕೂಡಿ ಕೆಲಸ ಮಾಡಬೇಕೆಂಬುದು ಅದರ ಉದ್ದೇಶ. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ನಿರ್ದೇಶಕಿ ಡಾ. ಶಾಂತಾ ಮೇಡಂ, ಬೆಳಗಾವಿಯವರು. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು.

ಕೂಡಿ ಕೆಲಸ ಮಾಡುವುದಕ್ಕೆ ಎಲ್ಲ ಮುಖ್ಯಸ್ಥರೂ ಸಂತೋಷದಿಂದ ಒಪ್ಪಿದ್ದರು. ಆದರೆ ತಮ್ಮ ತಮ್ಮ ಪಾಲಿನ ಜಾಗಕ್ಕೆ ಗೋಡೆ, ಬಾಗಿಲು, ಬೀಗ ಬೇಕು! ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಪೆಥಾಲಜಿಯ, ಎಂದರೆ ರೋಗಿಗಳ ರಕ್ತ ಮತ್ತು ಅಂಗಾಂಶ ಪರೀಕ್ಷಿಸುವ ವಿಭಾಗದ, ಡಾ. ರಾನಡೆ. ಶಿಸ್ತಿನ ಮನುಷ್ಯ, ತಮ್ಮ ಪೆನ್ನನ್ನು ಕೂಡ ಯಾರಿಗೂ ಕೊಡುತ್ತಿರಲಿಲ್ಲ. ಗೋಡೆಗಳು ನಕ್ಷೆಗೆ ಸೇರಿದವು. ಅವು ಎದ್ದರೆ ಮೇಡಂ ಅವರ ಶ್ರಮವೆಲ್ಲ ನೀರಿನಲ್ಲಿ ಹೋಮ. ಹಳೆಯ ವಿಭಾಗಗಳೇ ಹೊಸ ಬಣ್ಣ ಬಳಿದುಕೊಂಡು ಕೂರುತ್ತಿದ್ದವು.

ಮೇಡಂ ವಾದಕ್ಕೆ ಇಳಿಯಲಿಲ್ಲ. ಸೋಂಕಿನ ಅಪಾಯವಿದ್ದ ಕೋಣೆಗಳನ್ನಷ್ಟೇ ಮುಚ್ಚಿಸಿದರು. ಉಳಿದ ಗೋಡೆಗಳಿಗೆ ಬೇಕಾದ ಸಿಮೆಂಟ್ ಬ್ಲಾಕುಗಳನ್ನು ತರಿಸಿ, ಅಂಗಳದ ಬೇವಿನ ಮರದ ಕೆಳಗೆ ಎಲ್ಲರಿಗೂ ಕಾಣುವಂತೆ ಪೇರಿಸಲು ಹೇಳಿದರು. ಗೋಡೆ ಕಟ್ಟಲು ಗೌಂಡಿಯನ್ನು ಕರೆಸಲೇ ಎಂದು ಕೇಳಿದೆ.

“ಗ್ವಾಡಿ ಬ್ಯಾಡ ಅಂತ ನಾ ಅನ್ಲಿಕ್ಕತ್ತಿಲ್ರಿ. ಕಡೀಕ ಕಟ್ಟೋಣ ಅಂತೀನಿ. ಮೊದ್ಲ ಅವರು ಒಳಗ ಬಂದು ಕೂಡ್ಲಿ.”

ಆರು ತಿಂಗಳಾದ ಮೇಲೂ ಯಾರಿಗೆ ಗೋಡೆ ಬೇಕೋ ಅವರಿಗೆ ಕಟ್ಟಿಕೊಡುವುದಾಗಿ ಎಲ್ಲರಿಗೂ ಮಾತು ಕೊಟ್ಟರು. ನನಗೆ ಒಳಗೊಳಗೇ ಉರಿಯಿತು. ಕೆಲಸ ಅರ್ಧಕ್ಕೆ ಬಿಟ್ಟು ಜನರನ್ನು ಒಳಗೆ ಕರೆಯುವುದು ನನ್ನ ಜಾಯಮಾನಕ್ಕೆ ಒಗ್ಗುವ ಮಾತಲ್ಲ.

ಜನ ಬಂದರು. ಮೊದಮೊದಲು ಕಪಾಟುಗಳನ್ನೇ ಅಡ್ಡ ಇಟ್ಟುಕೊಂಡರು. ಬರಬರುತ್ತ ಕಪಾಟುಗಳು ಪಕ್ಕಕ್ಕೆ ಸರಿದವು, ಊಟದ ಡಬ್ಬಿಗಳು ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳತೊಡಗಿದವು. ಆರು ತಿಂಗಳು ಮುಗಿದಾಗ ಗೋಡೆ ಕೇಳಿದವರು ರಾನಡೆ ಒಬ್ಬರೇ. ಒಂದು ಕಡೆ ಎದ್ದರೆ ಉಳಿದವರೂ ಕೇಳುವುದು ಖಂಡಿತ. ಆದರೂ ಮೇಡಂ ಕೊಟ್ಟ ಮಾತಿಗೆ ತಪ್ಪಲಿಲ್ಲ. ಸೋಮವಾರ ಗೌಂಡಿಗೆ ಬರಲು ಹೇಳಿ ಎಂದರು. ಅವರ ಮುಖ ನೋಡಿ ಅಂದು ನನಗೇ ಸಂಕಟವಾಯಿತು.

ಅದಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ನನ್ನ ಮನೆಗೆ ಮೇಡಂ ಫೋನು ಬಂತು. ಪೆಥಾಲಜಿಯವರು ಅರ್ಧ ದಿನದ ಕೆಲಸ ಮುಗಿಸಿ ಹೋದ ಮೇಲೆ ಅವರ ಡೀಪ್ ಫ್ರೀಜರ್ ಕೆಟ್ಟಿತ್ತು. ಮೈನಸ್ ಎಂಬತ್ತು ಡಿಗ್ರಿಯಲ್ಲಿ ರೋಗಿಗಳ ಮಾದರಿಗಳನ್ನು ಕಾಪಾಡುವ ಯಂತ್ರ ಅದು. ರಾನಡೆಯವರ ಬಹು ವರ್ಷಗಳ ಸಂಗ್ರಹವೆಲ್ಲ ಅದರೊಳಗಿತ್ತು. ಜೀವಕೋಶಗಳಿಗೆ ರಜೆ ಇಲ್ಲವಾದ್ದರಿಂದ ಜೀವಶಾಸ್ತ್ರದವರು ಅಲ್ಲೇ ಇದ್ದರು. ಫ್ರೀಜರಿನ ಅಲಾರಂ ಕಿವಿಗೆ ಬಿದ್ದು ಅವರೇ ಮೇಡಂಗೆ ತಿಳಿಸಿದ್ದರು. ನಡುವೆ ಗೋಡೆ, ಬೀಗ ಇದ್ದಿದ್ದರೆ ಅದು ಸೋಮವಾರದವರೆಗೆ ಒಂದೇ ಸಮನೆ ಕೂಗಿಕೊಂಡಿರುತ್ತಿತ್ತು.

“ರಾನಡೆಯವರ ಫೋನ್ ಎಂಗೇಜ್ ಬರ್ಲಿಕ್ಕತ್ತದ. ಅವರನ್ನ ಕೇಳದ ನಾವು ಏನೂ ಮುಟ್ಟೂದಿಲ್ಲ. ನೀವ ಹೋಗಿ ಕರಕೊಂಡ ಬರ್ರಿ,” ಎಂದರು ಮೇಡಂ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಿದ್ದೆಯಲ್ಲಿರುವ ಪುಣೆಯ ಸಭ್ಯ ಗೃಹಸ್ಥನ ಮನೆಯ ಕರೆಗಂಟೆ ಒತ್ತುವುದೆಂದರೆ ಎಂಥ ಅಪರಾಧವೆಂದು ಅಲ್ಲಿ ಇದ್ದವರಿಗೇ ಗೊತ್ತು. ರಾನಡೆಯವರ ಮನೆ ನಮ್ಮ ಪಕ್ಕದ ಸೊಸೈಟಿಯಲ್ಲೇ. ಬಾಗಿಲು ತೆಗೆದ ಅವರ ಹೆಂಡತಿ ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದರು. ರಾನಡೆ ನಿದ್ದೆಗಾಗಿ ಫೋನಿನ ರಿಸೀವರನ್ನು ಕೆಳಗೆ ಇಟ್ಟು ಮಲಗಿದ್ದರಂತೆ. ವಿಷಯ ಕೇಳಿದ್ದೇ ಪೈಜಾಮದಲ್ಲೇ ಬಂದು ನನ್ನ ಸ್ಕೂಟರ್ ಹತ್ತಿದರು.

ನಾವು ತಲುಪಿದಾಗ ಜೀವಶಾಸ್ತ್ರದವರು ತಮ್ಮ ಫ್ರೀಜರಿನ ಅರ್ಧದಷ್ಟು ಸಾಮಾನನ್ನು ಡ್ರೈ ಐಸ್ ಪೆಟ್ಟಿಗೆಗಳಿಗೆ ತುಂಬಿ, ಜಾಗ ಖಾಲಿ ಮಾಡಿಕೊಂಡು ಇವರ ಒಪ್ಪಿಗೆಗೆ ಕಾಯುತ್ತ ನಿಂತಿದ್ದರು. ರಾನಡೆಯವರ ಒಂದು ಪೆಟ್ಟಿಗೆಯನ್ನೂ ಅವರು ಮುಟ್ಟಿರಲಿಲ್ಲ. ರಾನಡೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಆಮೇಲೆ ಅವರು ಒಪ್ಪಿದ್ದೇ, ಎಲ್ಲರೂ ಕೂಡಿಯೇ ಅವರ ಮಾದರಿಗಳನ್ನು ಆ ಖಾಲಿ ಜಾಗಕ್ಕೆ ಸಾಗಿಸಿದರು. ನಾನೂ ಕೈಗವಸು ಹಾಕಿಕೊಂಡೆ. ಏನೂ ಹಾಳಾಗಲಿಲ್ಲ.

ಸೋಮವಾರ ಬೆಳಿಗ್ಗೆ ಗೌಂಡಿ ಬರುವ ಹೊತ್ತಿಗೆ ರಾನಡೆ ಬೇವಿನ ಮರದ ಕೆಳಗೆ ನಿಂತಿದ್ದರು. “ಭಿಂತ ನಕೋ,” ಎಂದರು. ಗೋಡೆ ಬೇಡ. ಕರೆಸಿದ ಗೌಂಡಿಗೆ ಏನು ಹೇಳಲಿ ಎಂದು ಕೇಳಿದೆ. ಬ್ಲಾಕುಗಳ ಕಡೆ ನೋಡಿ, ಇಲ್ಲಿ ಚಹಾ ಕುಡಿಯಲು ಎಲ್ಲರೂ ಕೂರುವಂಥ ಜಾಗವಿಲ್ಲವಲ್ಲ ಎಂದರು. ಅದೇ ಬ್ಲಾಕುಗಳಿಂದ ಮರದ ಸುತ್ತ ಕಟ್ಟೆ ಎದ್ದಿತು.

ಏನನ್ನು ಕಟ್ಟಬೇಕೆಂದು ನಕ್ಷೆ ಹೇಳುತ್ತದೆ. ಯಾವುದನ್ನು ಕಟ್ಟದೆ ಕಾಯಬೇಕೆಂಬುದನ್ನು ನಾನು ಕಲಿತದ್ದು ಶಾಂತಾ ಮೇಡಂ ಅವರಿಂದ. ಅವರಷ್ಟು ತಾಳ್ಮೆ ನನಗೆ ಇಂದಿಗೂ ಬಂದಿಲ್ಲ. ಅವರ ಬೀಳ್ಕೊಡುಗೆಯ ದಿನ ಡಾಕ್ಟರುಗಳು, ಜೀವಶಾಸ್ತ್ರದವರು, ಇಂಜಿನಿಯರುಗಳು ಒತ್ತೊತ್ತಾಗಿ ಆ ಕಟ್ಟೆಯ ಮೇಲೆ ಕೂತಿದ್ದರು. ರಾನಡೆ ಸರಿದು ತಮ್ಮ ಪಕ್ಕದಲ್ಲಿ ಮೇಡಂಗೆ ಜಾಗ ಮಾಡಿಕೊಟ್ಟರು. ಮೇಡಂ ಕೂತು, ಕಟ್ಟೆಯ ಮೇಲೆ ಅಂಗೈ ಆಡಿಸಿ, ನನ್ನ ಕಡೆ ನೋಡಿ ನಕ್ಕರು.

“ಗ್ವಾಡಿ ಭಾಳ ಛಲೋ ಕಟ್ಟೀರಿ ನೋಡ್ರಿ.”