ನಮ್ಮ ಹಾಸ್ಟೆಲ್‌ನ ಬಕೆಟ್ ಪಾಳಿ

ಗೆಳತ್ಯಾರ, ಲಗೂ ಏಳಬೇಕಂತ ಹಟ ಹಿಡಿದಿದ್ದೆ, ಇವತ್ತು ಗೆದ್ದೆ! ಅಮೀರ್‌ಪೇಟ್‌ನ ನಮ್ಮ ಹಾಸ್ಟೆಲ್‌ನಾಗ ಎಲ್ಲಾರೂ ರಾತ್ರಿನ ಬಚ್ಚಲ ಮುಂದ ಬಕೆಟ್ ಪಾಳಿ ಹಚ್ಚಿ ಮಲಗತಾರ. ನಸುಕಿನ್ಯಾಗ ಹೋಗಿ ನೋಡಿದರ ಬಕೆಟ್ ಸಾಲಾಗಿ ನಿಂತಾವ, ಒಬ್ಬಾಕಿನೂ ಇಲ್ಲ. ಸೀದಾ ಒಳಗ ಹೊಕ್ಕು, ಗೀಸರ್ ಖಾಲಿ ಆಗೋತನಕ ಹಾಡಕೋತ ಜಳಕ ಮಾಡಿದೆ.

ಹೊರಗ ಬಂದರ ನನ್ನ ರೂಮ್‌ಮೇಟ್, ರಾಯಚೂರಿನ ಸುಮಾ, ಸೊಂಟದ ಮ್ಯಾಲ ಕೈ ಇಟ್ಟು ನಿಂತಾಳ. "ನನ್ನ ಬಕೆಟ್ ಮೊದಲ ಇತ್ತಲ್ಲ!"

"ಬಕೆಟ್ ಎದ್ದಿತ್ತವಾ, ನೀ ಎದ್ದಿದ್ದಿಲ್ಲ."

ವಾರ್ಡನ್ ಆಂಟಿ ನಕ್ಕೋತ ತೆಲುಗಿನ್ಯಾಗ ತೀರ್ಪು ಕೊಟ್ಟರು: ಮೊದಲು ಎದ್ದವರಿಗೇ ಬಿಸಿನೀರು.

ಈಗಷ್ಟ ರಾತ್ರಿ ಊಟ ಆಗೇತಿ, ಸುಮಾ ಆಗಲೇ ಚಾದರ್ ಹೊದ್ದು ಮಲಗ್ಯಾಳ. ಆಕಿಗಿಂತ ಮೊದಲ ಏಳಬೇಕಂದ್ರ ನಾನೂ ಫೋನ್ ಇಡಬೇಕು. ನಿಮ್ಮ ಕಾಮೆಂಟ್ ನಾಳೆ ಬಿಸಿನೀರಿನ ಜಳಕ ಆದಮ್ಯಾಲ ಓದತೀನಿ.