ಪ್ರಸಂಗ ಮುಗಿದ ಮೇಲೆ, ಬಾಗಿಲ ಬಳಿ

ಭಾನುವಾರ, ಬೆಳಗಿನ ಐದೂವರೆ. ಊರು ಇನ್ನೂ ಮುಸುಕೆಳೆದುಕೊಂಡು ಮಲಗಿದೆ. ಚರ್ಚಿನೊಳಗೆ ಒಂದೇ ದೀಪ. ಅಯ್ಯನವರು ವೇದಿಕೆಯ ಮೇಲೆ ನಿಂತು ಖಾಲಿ ಬೆಂಚುಗಳಿಗೆ ಪ್ರಸಂಗ ಹೇಳುತ್ತಿದ್ದಾರೆ. ಪೂರ್ತಿ ಖಾಲಿ ಎನ್ನುವಂತೆಯೂ ಇಲ್ಲ. ಕೊನೆಯ ಬೆಂಚಿನಲ್ಲಿ ಅವರ ಹೆಂಡತಿ ಶಾಲು ಹೊದ್ದು ಕೂತಿದ್ದಾರೆ. ಮಾತು ಕೇಳಿಸದಿದ್ದರೆ ಕೈ ಎತ್ತುತ್ತಾರೆ, ಬೇಸರವಾದರೆ ಆಕಳಿಸುತ್ತಾರೆ.

"ಎರಡನೇ ಪುಟದಲ್ಲಿ ಎರಡು ಸಲ ಆಕಳಿಸಿದ್ಲು. ಅಲ್ಲಿಗೆ ಆ ಪುಟದ ಕಥೆ ಮುಗೀತು" ಎನ್ನುತ್ತಾ ಅಯ್ಯನವರು ಪೆನ್ಸಿಲಿನಿಂದ ಅಡ್ಡಗೆರೆ ಎಳೆಯುತ್ತಾರೆ.

ಬಡಗಿಯ ಮಗನಾದ ಅಯ್ಯನವರು ಇಲ್ಲಿಗೆ ಪಾಸ್ಟರಾಗಿ ಬಂದು ಮೂವತ್ತೊಂದು ವರ್ಷ. ಬೆಂಚಿನ ಕಾಲು ಅಲುಗಾಡಿದರೆ ಈಗಲೂ ತಾವೇ ಮೊಳೆ ಹೊಡೆಯುತ್ತಾರೆ. ವಾರಕ್ಕೆ ಹತ್ತು ಹನ್ನೆರಡು ಮನೆಗಳ ಭೇಟಿ, ನಡುವೆ ಆಸ್ಪತ್ರೆ, ಮದುವೆ, ಸಾವು, ಗಂಡ ಹೆಂಡಿರ ಜಗಳ. ಭಾನುವಾರದ ಅರ್ಧ ಗಂಟೆಯ ಮಾತಿಗೆ ಒಂಬತ್ತು ಗಂಟೆಯ ಸಿದ್ಧತೆ. ಅದರ ಫಲಿತಾಂಶ ಗೊತ್ತಾಗುವುದು ಬಾಗಿಲಲ್ಲಿ, ಜನ ಕೈಕುಲುಕಿ ಹೊರಡುವಾಗ.

"ಮೊದಲಿಗೆ ಆ ಬಾಗಿಲು ಅಂದ್ರೆ ಎದೆ ಡವಡವ ಅನ್ನೋದು. 'ಹಳೇ ಅಯ್ಯನವರ ಮಾತಿಗೆ ಕಲ್ಲೂ ಕರಗೋದು' ಅಂತಿದ್ರು ಒಬ್ರು. ಇನ್ನೊಬ್ರು ಹೊಗಳಿದ್ರು, 'ಇವತ್ತು ಮೈಕು ಚೆನ್ನಾಗಿತ್ತು' ಅಂತ!"

ಈಗ ನಗುತ್ತಾರೆ. ಆಗ ನಗು ಬರುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಚುಚ್ಚುತ್ತಿದ್ದವರು ಗಡಿಯಾರ ರಿಪೇರಿ ಮಾಡುವ ಯಜಮಾನರು. ಪ್ರತಿ ವಾರ ಕೈಕುಲುಕಿ ಪ್ರಸಂಗದ ಉದ್ದದ್ದೇ ಮಾತು: "ನಲವತ್ತೆರಡು ನಿಮಿಷ, ಅಯ್ಯನವರೇ."

ಒಂಬತ್ತನೆಯ ವರ್ಷ ಒಂದೇ ವಾರದಲ್ಲಿ ಎರಡು ಸಮಾಧಿ. ಅದರಲ್ಲೊಂದು ಮೂರು ದಿನದ ಕೂಸಿನದು. ಆ ಭಾನುವಾರ ಅಯ್ಯನವರಿಗೆ ಓದುತ್ತಿದ್ದ ಸಾಲು ತಪ್ಪಿತು. ಬಾಗಿಲಲ್ಲಿ ಯಜಮಾನರು, "ನಲವತ್ತಾರು. ಸ್ವಲ್ಪ ನೋಡ್ಕೊಳ್ಳಿ" ಎಂದರು. ಅಯ್ಯನವರು ಮನೆಗೆ ಬಂದವರೇ ಊಟ ಬಿಟ್ಟು ರಾಜೀನಾಮೆ ಬರೆದರು. ಹೆಂಡತಿ ಅದನ್ನು ಓದಿ, "ನಾಳೆ ಮನೆ ಭೇಟಿಗಳಿವೆ. ಅದನ್ನ ಮುಗಿಸಿ ಆಮೇಲೆ ಕಳಿಸಿ" ಎಂದಷ್ಟೇ ಹೇಳಿದರು.

ಸೋಮವಾರದ ಮೊದಲ ಮನೆಯೇ ಯಜಮಾನರದ್ದು. ಅವರ ಹೆಂಡತಿ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಯಜಮಾನರು ಔಷಧಿ ತರಲು ಹೋಗಿದ್ದರು.

"ನಿನ್ನೆ ನೀವು ಆ ಕೂಸಿನ ಸಾವಿನ ಬಗ್ಗೆ, 'ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ' ಅಂದ್ರಂತಲ್ಲ, ನಂಗೆ ಆ ಒಂದು ಮಾತು ಸಾಕಾಯ್ತು ಅಯ್ಯನವರೇ" ಎಂದರು ಆಕೆ.

"ನಿಮಗೆ ಯಾರಮ್ಮಾ ಹೇಳಿದ್ದು?"

"ಇವರೇ. ಪ್ರತಿ ಭಾನುವಾರ ಈ ಮಂಚದ ಪಕ್ಕ ನಿಂತು ಒಂದಕ್ಷರ ಬಿಡದೆ ಹೇಳ್ತಾರೆ. ನಿಮ್ಮ ಹಾಗೇ ಕೈ ಬೇರೆ ಆಡಿಸ್ತಾರೆ! ಉದ್ದ ಆದ್ರೆ ಮಾತ್ರ, ಪಾಪ, ನಡುವೆ ಮರೆತು ಒದ್ದಾಡ್ತಾರೆ."

ಅಯ್ಯನವರಿಗೆ ಕಣ್ಣು ತುಂಬಿ ಬಂತು. ಔಷಧಿ ಹಿಡಿದು ಬಂದ ಯಜಮಾನರು ಸಂಗತಿ ತಿಳಿದು ನಾಚಿ ನೀರಾದರು. "ಬಾಗಿಲಲ್ಲಿ ನಿಂತು ಇದನ್ನೆಲ್ಲ ಹೇಗೆ ಹೇಳೋದು?" ಎಂದು ಗೊಣಗಿದರು.

ರಾಜೀನಾಮೆ ಒಲೆ ಸೇರಿತು. ಮುಂದಿನ ವಾರ ಪ್ರಸಂಗ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಅದರ ಒಂದು ಪ್ರತಿಯನ್ನು ಅಯ್ಯನವರು ದಪ್ಪ ಅಕ್ಷರದಲ್ಲಿ ಬರೆದು ಯಜಮಾನರ ಜೇಬಿಗೆ ತುರುಕಿದರು. ಆಮೇಲೆ ಆಕೆ ಬದುಕಿದ್ದ ಆರು ವರ್ಷವೂ ಪ್ರತಿ ವಾರ ಹೀಗೆ ಬರೆದುಕೊಡುವುದನ್ನು ತಪ್ಪಿಸಲಿಲ್ಲ. ಈಗ ದಂಪತಿಗಳಿಬ್ಬರೂ ಇಲ್ಲ.

"ಎಂಥ ಜನ ಇದ್ರು! ಬಾಯಲ್ಲಿ ಬರದೇ ಇದ್ದದ್ದು ಮನಸ್ಸಲ್ಲಿ ಎಷ್ಟಿರುತ್ತೋ ನಮಗೇನು ಗೊತ್ತು?" ಎನ್ನುತ್ತಾ ಅಯ್ಯನವರು ಕಿಟಕಿ ತೆರೆಯುತ್ತಾರೆ. ಮೆಲ್ಲಗೆ ಸೇರಿಸುತ್ತಾರೆ: "ಆದ್ರೂ ಬಾಯಿಬಿಟ್ಟು ಹೇಳಿದ್ರೆ ಒಳ್ಳೇದು. ಪಾಸ್ಟರೂ ಮನುಷ್ಯನೇ ಅಲ್ವಾ?"

ಮುಂದಿನ ವರ್ಷ ನಿವೃತ್ತಿ. ಆಮೇಲೆ ಏನು ಮಾಡುತ್ತೀರಿ ಎಂದರೆ ಹೆಂಡತಿಯ ಕಡೆ ನೋಡುತ್ತಾರೆ.

"ಇಷ್ಟು ವರ್ಷದಲ್ಲಿ ಆರಾಧನೆ ಹೊತ್ತಲ್ಲಿ ಒಂದ್ಸಲನೂ ಇವಳ ಪಕ್ಕ ಕೂತಿಲ್ಲ. ಕೂರಬೇಕು. ಪ್ರಸಂಗ ಪೂರ್ತಿ ಕೇಳಬೇಕು. ಆಮೇಲೆ ಹೊಸ ಪಾಸ್ಟರ ಕೈ ಹಿಡ್ಕೊಂಡು, ಯಾವ ಮಾತು ಮನಸ್ಸಿಗೆ ತಾಕಿತು ಅಂತ ಹೇಳಿಯೇ ಮನೆಗೆ ಹೋಗ್ತೀನಿ."